ಬಿದರಿಯ ಕಪ್ಪು, ವಿಮಾನದ ಹಳದಿ

ನಿಮ್ಮ ಮನೆಯ ಗಾಜಿನ ಕಪಾಟಿನಲ್ಲಿ ಬಿದರಿಯ ಒಂದು ಹೂದಾನಿಯೋ ಅಡಕೆ-ಲವಂಗದ ಒಂದು ಡಬ್ಬಿಯೋ ಇರಬಹುದು. ಇಲ್ಲದಿದ್ದರೆ ನೆಂಟರ ಮನೆಯಲ್ಲಿಯಾದರೂ ಅದನ್ನು ಕಂಡಿರುತ್ತೀರಿ. ಕಾಡಿಗೆಯಂಥ ಕಪ್ಪು ಮೈ; ಅದರ ಮೇಲೆ ಬೆಳ್ಳಿಯ ಬಳ್ಳಿ, ಬೆಳ್ಳಿಯ ಹೂವು. ಅಡಿಗೆಮನೆಯಲ್ಲಿ ಅಲ್ಯೂಮಿನಿಯಂ ಪಾತ್ರೆಯೊಂದು ಇದ್ದೇ ಇರುತ್ತದೆ. ಇನ್ನು ನೀವು ಬೀದರದ ಸುತ್ತಮುತ್ತಲಿನವರಾದರೆ, ವಾಯುಪಡೆಯ ತರಬೇತಿ ವಿಮಾನ ತಲೆಯ ಮೇಲೆ ಗುಡುಗಿಕೊಂಡು ಹೋಗುವುದನ್ನು ಕೇಳಿಯೇ ಇರುತ್ತೀರಿ. ಭಾಲ್ಕಿಯ ಕಡೆ ತೊಗರಿ ಹೊಲದಲ್ಲಿ ಕಳೆ ತೆಗೆಯುವವರು, ಔರಾದದ ಸಂತೆಗೆ ಹೊರಟವರು, ಒಂದು ಗಳಿಗೆ ನಿಂತು, ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುವುದುಂಟು.

ಬಿದರಿಯ ಡಬ್ಬಿಗೂ ಅಡಿಗೆಯ ಪಾತ್ರೆಗೂ ಆಕಾಶದ ವಿಮಾನಕ್ಕೂ ಏನು ನಂಟು ಎಂದು ನೀವು ಕೇಳಬಹುದು. ನಂಟು ಮೈಮೇಲಿನ ಹೊದಿಕೆಯದು. ಈ ಮೂರೂ ಬಾಳುವುದು ತಮ್ಮ ತಿರುಳಿನ ಬಲದಿಂದ ಮಾತ್ರವಲ್ಲ. ಬಹು ತೆಳುವಾದ ಒಂದು ಹೊದಿಕೆಯ ಕಾವಲಿನಿಂದ. ವಿಮಾನದ ಮೈಗೆ ಅಂಥ ಕಾವಲನ್ನು ಹುಡುಕಿದ ಕಥೆ ಸುಮಾರು ನೂರು ವರ್ಷದ್ದು. ಕಾವಲು ಸಿಕ್ಕಿತು, ಬಹು ಚೆನ್ನಾಗಿಯೂ ಕೆಲಸ ಮಾಡಿತು. ಆದರೆ ಅದನ್ನು ಬಳಿಯುವವನ ಶ್ವಾಸಕೋಶಕ್ಕೆ ಅದು ವಿಷವೆಂದು ತಿಳಿದುಬಂತು. ಈಗ ಅದರ ಸ್ಥಾನಕ್ಕೆ ಇನ್ನೊಂದನ್ನು ತರುವ ಯತ್ನ ನಡೆದಿದೆ. ಈ ಕಥೆಯನ್ನು ಬೀದರದ ಕೋಟೆಯಿಂದಲೇ ಮೊದಲು ಮಾಡೋಣ.

ಬಿದರಿಯೆಂದರೆ ಸತು ಮತ್ತು ತಾಮ್ರಗಳ ಬೆರಕೆ. ರೂಢಿಯ ಲೆಕ್ಕ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಎರಕ ಹೊಯ್ದು ನಯಗೊಳಿಸಿದ ಪಾತ್ರೆಯ ಮೈ ಮೊದಲಿಗೆ ಬೆಳ್ಳಗೇ ಇರುತ್ತದೆ. ಕುಶಲಿಯು ಅದಕ್ಕೆ ಮೈಲುತುತ್ತದ ನೀರು ತಿಕ್ಕುತ್ತಾನೆ. ಆಗ ತಾತ್ಕಾಲಿಕವಾಗಿ ಒಂದು ಕಪ್ಪು ಬರುತ್ತದೆ. ಆ ಕಪ್ಪಿನ ಮೇಲೆ ಚಿತ್ರದ ಗೆರೆ ಕೊರೆದು, ಗೆರೆಯೊಳಗೆ ಬೆಳ್ಳಿಯ ತಂತಿಯನ್ನು ಬಡಿದು ಕೂರಿಸಿ, ಮತ್ತೆ ಮೈಯನ್ನು ಉಜ್ಜಿ ನಯಮಾಡುತ್ತಾನೆ. ಕೊನೆಗೆ ಬರುವುದು ಮುಖ್ಯವಾದ ಕೆಲಸ. ಬಿಸಿಲು ಮಳೆ ತಾಕದೆ ಶತಮಾನಗಳಿಂದ ಕೋಟೆಯೊಳಗೆ ಬಿದ್ದಿರುವ ಹಳೆಯ ಮಣ್ಣನ್ನು ತಂದು, ನವಸಾಗರ ಬೆರೆಸಿ, ನೀರಿನಲ್ಲಿ ಕಾಯಿಸಿ, ಆ ನೀರಿನಿಂದ ಪಾತ್ರೆಯನ್ನು ತಿಕ್ಕುತ್ತಾನೆ. ಹಿಂದೆ ಕಲಾಯಿಯವನು ನಿಮ್ಮ ಬೀದಿಯಲ್ಲಿ ಕುಳಿತು ಹಿತ್ತಾಳೆಯ ಪಾತ್ರೆಗೆ ಹಾಕುತ್ತಿದ್ದ ನವಸಾಗರವೇ ಇದು. ನೋಡನೋಡುತ್ತ ಲೋಹದ ಮೈ ಕಪ್ಪಾಗುತ್ತದೆ. ಬೆಳ್ಳಿ ಮಾತ್ರ ಬೆಳ್ಳಿಯಾಗಿಯೇ ಉಳಿಯುತ್ತದೆ. ಆ ಮಣ್ಣಿನ ಚಿಟಿಕೆಯನ್ನು ನಾಲಗೆಗೆ ಹಚ್ಚಿ ಅದರ ಗುಣ ತಿಳಿಯುವ ಕುಶಲಿಗಳೂ ಬೀದರದಲ್ಲಿ ಉಂಟು.

ಇಲ್ಲಿ ನಡೆಯುವುದು ಏನು? ರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದರೆ ಇದೂ ಒಂದು ಬಗೆಯ ತುಕ್ಕೇ. ಮಣ್ಣಿನಲ್ಲಿರುವ ಪೆಟ್ಲುಪ್ಪಿನ ಜಾತಿಯ ಲವಣಗಳೂ ನವಸಾಗರವೂ ಸೇರಿ ಮೈಮೇಲಿನ ಸತುವನ್ನು ಸ್ವಲ್ಪ ಕರಗಿಸುತ್ತವೆ. ಹಿಂದೆ ಉಳಿದ ತಾಮ್ರ ಕಪ್ಪು ಪದರವಾಗಿ ಕೂರುತ್ತದೆ. ತಾಮ್ರವಿಲ್ಲದ ಬರಿಯ ಸತುವಿಗೆ ಆ ಕಪ್ಪು ಬರುವುದಿಲ್ಲ. ಆದರೆ ಇದು ಹದದಲ್ಲಿಟ್ಟ ತುಕ್ಕು. ಬೇಕಾದಷ್ಟು ಬಂದು ಅಲ್ಲಿಗೇ ನಿಂತು, ಒಳಗಿನ ಲೋಹಕ್ಕೆ ಅಂಗಿಯಾಗುತ್ತದೆ. ತುಕ್ಕನ್ನು ಶತ್ರುವೆಂದು ಮಾತ್ರ ಬಲ್ಲ ನಮಗೆ, ಅದನ್ನು ಆಳಾಗಿ ದುಡಿಸಿಕೊಳ್ಳಬಹುದು ಎಂಬುದನ್ನು ಬೀದರದ ಕುಶಲಿಗಳು ಬಹು ಹಿಂದೆಯೇ ತೋರಿಸಿಕೊಟ್ಟರು.

ಇನ್ನು ಅಲ್ಯೂಮಿನಿಯಂ. ಬೀದರ ಪಟ್ಟಣ ನಿಂತಿರುವುದು ಕೆಂಪು ಜಂಬಿಟ್ಟಿಗೆಯ ದಿನ್ನೆಯ ಮೇಲೆ. ಯುಗಯುಗಗಳ ಮಳೆ ಕಲ್ಲಿನ ಉಳಿದ ಸಾರವನ್ನೆಲ್ಲ ತೊಳೆದುಕೊಂಡು ಹೋಗಿ, ಕಬ್ಬಿಣದ ಮತ್ತು ಅಲ್ಯೂಮಿನಿಯಂನ ಆಕ್ಸೈಡುಗಳನ್ನು ಹಿಂದೆ ಬಿಟ್ಟಾಗ ಆದ ಕಲ್ಲು ಅದು. ಭಾಲ್ಕಿ, ಔರಾದಗಳ ಎರೆಮಣ್ಣಿನ ಜಿಗುಟಿನಲ್ಲಿಯೂ ಅಲ್ಯೂಮಿನಿಯಂ ತುಂಬಿದೆ. ಹೀಗೆ ಕಾಲಕೆಳಗಿನ ಮಣ್ಣಿನಲ್ಲೆಲ್ಲ ಇದ್ದರೂ, ಈ ಲೋಹವನ್ನು ಲೋಹವಾಗಿ ಮನುಷ್ಯ ಕಂಡದ್ದು ೧೮೨೫ರಲ್ಲಿ, ಡೆನ್ಮಾರ್ಕಿನ ಓರ್ಸ್ಟೆಡ್ ಎಂಬ ವಿಜ್ಞಾನಿಯ ಪ್ರಯೋಗಶಾಲೆಯಲ್ಲಿ. ಆಮ್ಲಜನಕದೊಡನೆ ಅದರ ಬಂಧ ಅಷ್ಟು ಬಿಗಿ. ೧೮೮೬ರಲ್ಲಿ ಅಮೆರಿಕದ ಹಾಲ್, ಫ್ರಾನ್ಸಿನ ಎರೂ ಎಂಬ ಇಬ್ಬರು ತರುಣರು, ಒಬ್ಬರನ್ನೊಬ್ಬರು ಅರಿಯದೆ, ವಿದ್ಯುತ್ತಿನಿಂದ ಆ ಬಂಧವನ್ನು ಅಗ್ಗವಾಗಿ ಬಿಡಿಸುವ ಮಾರ್ಗವನ್ನು ಕಂಡರು. ಇಬ್ಬರೂ ಹುಟ್ಟಿದ್ದು ೧೮೬೩ರಲ್ಲಿ. ಸೋಜಿಗವೆಂದರೆ ಇಬ್ಬರೂ ತೀರಿಕೊಂಡದ್ದು ೧೯೧೪ರಲ್ಲಿ. ಅವರಿಂದಾಗಿ ಅರಸರ ಮನೆಯ ಲೋಹ ನಿಮ್ಮ ಅಡಿಗೆಮನೆಗೆ ಬಂತು.

ಮಣ್ಣಿನಿಂದ ಬಿಡಿಸಿ ತಂದ ಲೋಹ ಮತ್ತೆ ಮಣ್ಣಾಗಲು ಹಾತೊರೆಯುತ್ತದೆ. ಕಬ್ಬಿಣದ ತುಕ್ಕು ಹುಡಿಯಾಗಿ ಉದುರುತ್ತ ಹೋಗುತ್ತದೆ. ಅಲ್ಯೂಮಿನಿಯಂ ಹಾಗಲ್ಲ. ಗಾಳಿ ತಾಕಿದೊಡನೆ ಅದರ ಮೈಮೇಲೆ ಆಕ್ಸೈಡಿನ ಒಂದು ಪೊರೆ ಕಟ್ಟುತ್ತದೆ. ಕೂದಲಿನ ದಪ್ಪದ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಆ ಪೊರೆ ತೆಳು. ಆದರೂ ಅದು ಬಿಗಿಯಾಗಿ ಅಂಟಿಕೊಂಡು ಒಳಗಿನ ಲೋಹವನ್ನು ಕಾಯುತ್ತದೆ. ಹಾಗಿದ್ದರೂ ಉಪ್ಪಿನಕಾಯಿಯನ್ನು ಅಲ್ಯೂಮಿನಿಯಂ ಡಬ್ಬಿಯಲ್ಲಿ ಇಡಬಾರದು ಎಂದು ಹಿರಿಯರು ಹೇಳುತ್ತಿದ್ದರಲ್ಲವೆ? ಉಪ್ಪಿನಲ್ಲಿರುವ ಕ್ಲೋರೈಡು ಆ ಪೊರೆಯಲ್ಲಿ ಅಲ್ಲಲ್ಲಿ ಕಿಂಡಿ ಕೊರೆಯುತ್ತದೆ. ಡಬ್ಬಿಯ ತಳದಲ್ಲಿ ಸೂಜಿಯ ಮೊನೆಯಷ್ಟು ಸಣ್ಣ ಗುಂಡಿಗಳು ಬೀಳುವುದು ಹೀಗೆ. ಮನೆಯಲ್ಲಿ ಡಬ್ಬಿ ತೂತಾದರೆ ಹೊಸದನ್ನು ತರಬಹುದು. ಇಪ್ಪತ್ತು ಸಾವಿರ ಅಡಿಯ ಎತ್ತರದಲ್ಲಿ ಹಾಗೆ ಮಾಡುವಂತಿಲ್ಲ.

ಅಪ್ಪಟ ಅಲ್ಯೂಮಿನಿಯಂ ಹಗುರ, ಆದರೆ ಮೆತ್ತಗೆ. ವಿಮಾನಕ್ಕೆ ಅದು ಸಾಲದು. ೧೯೦೩ರಲ್ಲಿ ರೈಟ್ ಸೋದರರು ಹಾರಿಸಿದ ಮೊದಲ ವಿಮಾನದ ಎಂಜಿನ್ನಿನ ಎರಕದಲ್ಲಿಯೇ ಅಲ್ಯೂಮಿನಿಯಂಗೆ ನೂರಕ್ಕೆ ಎಂಟು ಪಾಲಿನಷ್ಟು ತಾಮ್ರ ಬೆರೆಸಿತ್ತು. ೧೯೦೬ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ಎಂಬಾತ ನೂರಕ್ಕೆ ನಾಲ್ಕು ಪಾಲಿನಷ್ಟು ತಾಮ್ರವನ್ನೂ ತುಸು ಮೆಗ್ನೀಸಿಯಂ ಅನ್ನೂ ಬೆರೆಸಿ, ಕಾಯಿಸಿ, ಥಟ್ಟನೆ ನೀರಿನಲ್ಲಿ ಅದ್ದಿ ನೋಡಿದ. ಅಂದು ಅಷ್ಟೇನೂ ಗಟ್ಟಿಯಿರಲಿಲ್ಲ. ಕೆಲವು ದಿನ ಸುಮ್ಮನೆ ಇಟ್ಟ ಮೇಲೆ ತಾನಾಗಿಯೇ ಗಟ್ಟಿಯಾಗಿತ್ತು! ಅದಕ್ಕೆ ಡ್ಯುರಾಲುಮಿನ್ ಎಂದು ಹೆಸರಾಯಿತು. ಹಗುರವಾಗಿಯೂ ಉಕ್ಕಿಗೆ ಸರಿಗಟ್ಟುವಂತೆಯೂ ಇದ್ದ ಈ ಮಿಶ್ರಲೋಹದಿಂದ ೧೯೧೯ರಲ್ಲಿ ಯೂಂಕರ್ಸ್ ಎಂಬ ಜರ್ಮನ್ ಎಂಜಿನಿಯರನು ಪ್ರಯಾಣಿಕರ ವಿಮಾನವನ್ನೇ ಕಟ್ಟಿದ. ಇಂದಿಗೂ ವಿಮಾನಗಳ ಮೈಯಲ್ಲಿರುವ ೨೦೨೪ ಎಂಬ ಸಂಖ್ಯೆಯ ಮಿಶ್ರಲೋಹ ಇದರದೇ ಸಂತತಿ.

ಈಗ ಬಿದರಿಯನ್ನು ಇನ್ನೊಮ್ಮೆ ನೆನೆಯಿರಿ. ಅಲ್ಲಿ ನೂರಕ್ಕೆ ಐದಾರು ಪಾಲು ತಾಮ್ರ. ಇಲ್ಲಿ ನೂರಕ್ಕೆ ನಾಲ್ಕು ಪಾಲು. ಅಲ್ಲಿ ತಾಮ್ರದಿಂದಲೇ ಚೆಲುವು. ಇಲ್ಲಿ ತಾಮ್ರದಿಂದಲೇ ಬಲ. ಆದರೆ ಇಲ್ಲಿ ಆ ಬಲಕ್ಕೆ ಬೆಲೆ ತೆರಬೇಕಾಯಿತು. ತಾಮ್ರ ಲೋಹದಲ್ಲಿ ಎಲ್ಲ ಕಡೆ ಸಮನಾಗಿ ಹರಡಿ ನಿಲ್ಲುವುದಿಲ್ಲ. ಅಲ್ಲಲ್ಲಿ ತಾಮ್ರ, ಮೆಗ್ನೀಸಿಯಂ ಕೂಡಿದ ಸಣ್ಣ ಹರಳುಗಳಾಗಿ ಕೂರುತ್ತದೆ. ತೇವವೂ ಉಪ್ಪೂ ಬಂದು ತಾಕಿದರೆ ಆ ಹರಳಿನಿಂದ ಮೆಗ್ನೀಸಿಯಂ, ಅಲ್ಯೂಮಿನಿಯಂಗಳು ಮೊದಲು ಕರಗಿಹೋಗಿ, ತಾಮ್ರ ಉಳಿಯುತ್ತದೆ. ತಾಮ್ರ ಒಂದು ಕಡೆ, ಅಲ್ಯೂಮಿನಿಯಂ ಇನ್ನೊಂದು ಕಡೆ, ನಡುವೆ ಉಪ್ಪುನೀರು. ಟ್ರಾನ್ಸಿಸ್ಟರ್ ರೇಡಿಯೋಗೆ ನೀವು ಹಾಕುವ ಬ್ಯಾಟರಿಯಂಥದೇ ಒಂದು ಏರ್ಪಾಡು ಕಣ್ಣಿಗೆ ಕಾಣದ ಅಳತೆಯಲ್ಲಿ ಅಲ್ಲಿ ಸಿದ್ಧವಾಯಿತು. ಆ ಬ್ಯಾಟರಿ ಉರಿಯುವಷ್ಟು ಹೊತ್ತೂ ಅಲ್ಯೂಮಿನಿಯಂ ಕರಗುತ್ತಲೇ ಇರುತ್ತದೆ.

ಈ ಕೇಡು ಮೊದಲು ಎದ್ದುಕಂಡದ್ದು ಸಮುದ್ರದ ಮೇಲೆ ಇಳಿಯುವ ವಿಮಾನಗಳಲ್ಲಿ. ೧೯೨೩ರಲ್ಲಿ ಇಂಗ್ಲೆಂಡಿನ ಬೆಂಗೋ ಮತ್ತು ಸ್ಟುವರ್ಟ್ ಎಂಬವರು ಲೋಹವನ್ನು ಕ್ರೋಮಿಕ್ ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ತು ಹಾಯಿಸಿ, ಮೈಮೇಲಿನ ಆಕ್ಸೈಡಿನ ಪೊರೆಯನ್ನು ದಪ್ಪಗೊಳಿಸುವ ಕ್ರಮವನ್ನು ಕಂಡುಹಿಡಿದರು. ೧೯೨೭ರ ಹೊತ್ತಿಗೆ ಅಮೆರಿಕದಲ್ಲಿ ಡ್ಯುರಾಲುಮಿನ್ ತಗಡಿನ ಎರಡೂ ಬದಿಗೆ ಅಪ್ಪಟ ಅಲ್ಯೂಮಿನಿಯಂನ ತೆಳು ಪದರ ಹಚ್ಚಿದರು. ಒಂದು ರೀತಿಯಲ್ಲಿ ನಮ್ಮ ಕಲಾಯಿಯೇ. ಆದರೆ ರಿವೆಟ್ಟಿಗಾಗಿ ತೂತು ಕೊರೆದಲ್ಲಿ, ಅಂಚು ಕತ್ತರಿಸಿದಲ್ಲಿ, ಗೀರು ಬಿದ್ದಲ್ಲಿ, ಕಲಾಯಿ ಕಾಯುವುದೆಂತು? ಗಾಯವಾದ ಜಾಗಕ್ಕೆ ತಾನೇ ನಡೆದುಹೋಗಿ ಮದ್ದು ಹಚ್ಚುವ ವಸ್ತುವೊಂದು ಬೇಕಾಗಿತ್ತು. ಅದು ಸಿಕ್ಕಿದ್ದು ಕ್ರೋಮಿಯಂನಲ್ಲಿ.

ಕ್ರೋಮಿಯಂ ಅನ್ನು ೧೭೯೭ರಲ್ಲಿ ಫ್ರಾನ್ಸಿನ ವೋಕ್ಲ್ಯಾಂ ಕಂಡುಹಿಡಿದ. ಅದರ ಲವಣಗಳ ಬಣ್ಣದ ಬೆಡಗನ್ನು ನೋಡಿ, ಬಣ್ಣ ಎಂಬರ್ಥದ ಗ್ರೀಕ್ ಮಾತಿನಿಂದಲೇ ಹೆಸರಿಟ್ಟರು. ಈ ಧಾತುವಿಗೆ ಎರಡು ಮುಖ್ಯ ಅವಸ್ಥೆಗಳುಂಟು. ರಸಾಯನಶಾಸ್ತ್ರಜ್ಞರು ಆರು, ಮೂರು ಎಂದು ಎಣಿಸುತ್ತಾರೆ. ಆರರ ಕ್ರೋಮಿಯಂ ಹಳದಿ, ಅದೇ ಕ್ರೋಮೇಟು. ಅದು ನೀರಿನಲ್ಲಿ ಕರಗುತ್ತದೆ, ಹರಿದಾಡುತ್ತದೆ. ಮೂರರದು ಹಸಿರು, ಅದು ಬಹುಮಟ್ಟಿಗೆ ಕರಗದು, ಕೂತಲ್ಲೇ ಕೂರುತ್ತದೆ. ಕ್ರೋಮೇಟು ಸೇರಿಸಿದ ಪ್ರೈಮರ್ ಬಣ್ಣವನ್ನು ವಿಮಾನದ ಮೈಗೆ ಬಳಿದರೆ ಏನಾಗುತ್ತದೆ ನೋಡಿರಿ. ಗೀರು ಬಿದ್ದಲ್ಲಿ ತೇವ ಇಳಿಯುತ್ತದೆ. ಆ ತೇವದಲ್ಲಿ ಬಣ್ಣದೊಳಗಿನ ಹಳದಿ ಕ್ರೋಮೇಟು ತುಸು ಕರಗಿ, ಹರಿದು, ತಾಮ್ರದ ಹರಳಿನ ಬಳಿಗೆ ಹೋಗುತ್ತದೆ. ಅಲ್ಲಿ ಅದು ಹಸಿರು ಅವಸ್ಥೆಗೆ ಇಳಿದು, ಗಟ್ಟಿಯಾಗಿ, ಬಾಗಿಲನ್ನು ಮುಚ್ಚಿಬಿಡುತ್ತದೆ. ಪುಟ್ಟ ಬ್ಯಾಟರಿ ಆರಿತು. ಉಳಿದ ಹಳದಿ ಮುಂದಿನ ಗೀರಿಗಾಗಿ ಕಾದುಕೊಂಡಿರುತ್ತದೆ.

೧೯೩೦ರ ದಶಕದಿಂದ ಸತುವಿನ ಕ್ರೋಮೇಟಿನ ಹಳದಿ-ಹಸಿರು ಬಣ್ಣ ವಿಮಾನಗಳ ಒಳಮೈಯ ಗುರುತಾಯಿತು. ಆಮೇಲೆ ಸ್ಟ್ರಾನ್ಷಿಯಂ ಕ್ರೋಮೇಟು ಬಂತು. ಕ್ರೋಮೇಟಿನ ಅದ್ದುವಿಕೆಯೂ ಮೊದಲಾಯಿತು. ಅದರಲ್ಲಿ ಅದ್ದಿ ತೆಗೆದ ಲೋಹ ಹೊಂಬಣ್ಣ ತಾಳುತ್ತಿತ್ತು. ಕರ್ನಾಟಕಕ್ಕೂ ಈ ಬಣ್ಣದ ಪರಿಚಯ ಬೇಗನೆ ಆಯಿತು. ೧೯೪೦ರಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ನೆರವಿನೊಡನೆ ಬೆಂಗಳೂರಿನಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆಯನ್ನು ತೆರೆದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಅಮೆರಿಕದ ಯುದ್ಧವಿಮಾನಗಳ ದುರಸ್ತಿ ನಡೆಯುತ್ತಿತ್ತು; ಆ ವಿಮಾನಗಳ ಒಳಮೈ ಬಹುಮಟ್ಟಿಗೆ ಈ ಬಣ್ಣದ್ದೇ. ೧೯೫೧ರಲ್ಲಿ ಡಾಕ್ಟರ್ ವಿ. ಎಂ. ಘಾಟಗೆಯವರ ತಂಡ ರೂಪಿಸಿದ ಎಚ್.ಟಿ.-೨ ತರಬೇತಿ ವಿಮಾನ ಹಾರಿತು. ೧೯೬೪ರಲ್ಲಿ ಕಿರಣ ಜೆಟ್ ಹಾರಿತು. ಬೀದರದ ವಾಯುನೆಲೆಯಲ್ಲಿ ೧೯೯೬ರಲ್ಲಿ ಹುಟ್ಟಿದ ಸೂರ್ಯಕಿರಣ ತಂಡ ತನ್ನ ಆಟಗಳನ್ನೆಲ್ಲ ೨೦೧೧ರ ವರೆಗೆ ತೋರಿಸಿದ್ದು ಈ ಕಿರಣಗಳಲ್ಲಿಯೇ. ಹಾಕ್ ಜೆಟ್ ತರಬೇತಿ ವಿಮಾನಗಳು ೨೦೦೮ರ ಫೆಬ್ರವರಿಯಲ್ಲಿ ವಾಯುಪಡೆಯನ್ನು ಸೇರಿದ್ದೂ ಬೀದರದಲ್ಲಿಯೇ. ಸೂರ್ಯಕಿರಣ ತಂಡ ಮರಳಿ ಬಂದದ್ದು ಅವುಗಳ ಮೇಲೆ. ಬೀದರದ ಒಣಹವೆ ಲೋಹಕ್ಕೆ ಹಿತವೇ ಸರಿ. ಆದರೆ ವಿಮಾನ ಒಂದೇ ಊರಿನಲ್ಲಿ ಕಟ್ಟಿಹಾಕುವ ಎತ್ತಲ್ಲ. ಇಂದು ಇಲ್ಲಿ, ನಾಳೆ ಕಡಲ ದಂಡೆಯಲ್ಲಿ. ಜೊತೆಗೆ ಮೂವತ್ತು ನಲವತ್ತು ವರ್ಷ ದುಡಿಯಬೇಕು.

ಇಷ್ಟು ಒಳ್ಳೆಯ ಕಾವಲುಗಾರನ ಮೇಲೆ ದೂರು ಏನು? ದೂರು ಹೊಸದಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಕ್ರೋಮಿಯಂ ಲವಣದೊಡನೆ ಕೆಲಸ ಮಾಡುವ ಬಣ್ಣಗಾರರ ಕೈಯಲ್ಲಿ ಆಳವಾದ ಹುಣ್ಣುಗಳಾಗುವುದನ್ನು ೧೮೨೭ರಲ್ಲಿಯೇ ವೈದ್ಯರೊಬ್ಬರು ಬರೆದಿಟ್ಟಿದ್ದರು. ೧೮೯೦ರಲ್ಲಿ ಅದೇ ನಗರದಲ್ಲಿ ಕ್ರೋಮಿಯಂ ಬಣ್ಣದ ಕೆಲಸಗಾರನೊಬ್ಬನ ಮೂಗಿನೊಳಗೆ ಏಡಿಗಂತಿ ಕಂಡುಬಂತು. ೧೯೪೮ರಲ್ಲಿ ಅಮೆರಿಕದ ಕ್ರೋಮೇಟು ಕಾರ್ಖಾನೆಗಳ ಕೆಲಸಗಾರರ ಸಾವಿನ ಲೆಕ್ಕ ತೆಗೆದಾಗ, ಶ್ವಾಸಕೋಶದ ಕ್ಯಾನ್ಸರ್ ಉಳಿದ ಜನರಿಗಿಂತ ಅನೇಕ ಪಟ್ಟು ಹೆಚ್ಚಾಗಿತ್ತು. ೧೯೯೦ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಆರರ ಕ್ರೋಮಿಯಂ ಮನುಷ್ಯರಿಗೆ ಕ್ಯಾನ್ಸರ್ ತರುವುದು ನಿಶ್ಚಯವೆಂದು ಸಾರಿತು.

ಗಾಬರಿಯಾಗಬೇಡಿರಿ. ನಿಮ್ಮ ಮನೆಯ ಸ್ಟೇನ್‌ಲೆಸ್ ಸ್ಟೀಲ್ ತಟ್ಟೆಯಲ್ಲಿರುವ ಕ್ರೋಮಿಯಂ ಲೋಹ ಈ ಜಾತಿಯದಲ್ಲ. ವಿಮಾನದಲ್ಲಿ ಕುಳಿತು ಹೋಗುವವರಿಗೂ ಇದರಿಂದ ಭಯವಿಲ್ಲ. ಬಣ್ಣ ಬಣ್ಣದಲ್ಲಿಯೇ ಇರುತ್ತದೆ. ಭಯ ಇರುವುದು ಆ ಬಣ್ಣವನ್ನು ಪಿಚಕಾರಿಯಿಂದ ಹಾರಿಸುವವನಿಗೆ, ಕ್ರೋಮಿಕ್ ಆಮ್ಲದ ತೊಟ್ಟಿಯ ಬಳಿ ನಿಲ್ಲುವವನಿಗೆ. ಎಲ್ಲಕ್ಕೂ ಹೆಚ್ಚಾಗಿ, ಹಳೆಯ ವಿಮಾನ ದುರಸ್ತಿಗೆ ಬಂದಾಗ ಉಪ್ಪುಕಾಗದ ಹಿಡಿದು ಹಳೆಯ ಬಣ್ಣವನ್ನು ಉಜ್ಜಿ ತೆಗೆಯುವವನಿಗೆ. ಆ ಹಳದಿ ಧೂಳು ಅವನ ಉಸಿರಿನಲ್ಲಿ ಸೇರುತ್ತದೆ. ಕಾರ್ಖಾನೆಯ ಹೊರಗೂ ಕಷ್ಟವುಂಟು. ತಮಿಳುನಾಡಿನ ರಾಣಿಪೇಟೆಯಲ್ಲಿ ೧೯೯೫ರಲ್ಲಿ ಮುಚ್ಚಿಹೋದ ಕ್ರೋಮೇಟು ಕಾರ್ಖಾನೆಯೊಂದು ಹಿಂದೆ ಬಿಟ್ಟುಹೋದ ಕಸ ಲಕ್ಷ ಟನ್ನುಗಳ ಲೆಕ್ಕದ್ದು. ಅಲ್ಲಿನ ಅಂತರ್ಜಲ ಹಳದಿಯಾದದ್ದು ಅನೇಕರು ಬಲ್ಲ ಸಂಗತಿ.

ಇಲ್ಲಿ ನೀವು ಗಮನಿಸಬೇಕಾದ ಒಂದು ಮಾತುಂಟು. ಕ್ರೋಮೇಟು ಒಳ್ಳೆಯ ಕಾವಲುಗಾರನಾದದ್ದು ಯಾವ ಗುಣದಿಂದಲೋ ಅದೇ ಗುಣದಿಂದ ಅದು ವಿಷವೂ ಆಯಿತು. ಅದು ಕರಗಿ ಹರಿಯುತ್ತದೆ. ಆದುದರಿಂದ ಗೀರಿಗೂ ಹೋಗುತ್ತದೆ, ನಮ್ಮ ಜೀವಕೋಶದೊಳಗೂ ಹೋಗುತ್ತದೆ. ಶರೀರಕ್ಕೆ ಬೇಕಾದ ಸಲ್ಫೇಟಿನಂತೆಯೇ ಅದರ ಆಕಾರವಿರುವುದರಿಂದ, ಸಲ್ಫೇಟಿಗಾಗಿ ತೆರೆದ ಬಾಗಿಲಿನಲ್ಲಿಯೇ ಒಳಕ್ಕೆ ನುಗ್ಗುತ್ತದೆ. ಒಳಗೆ ಹೋದ ಮೇಲೆ ಆರರಿಂದ ಮೂರಕ್ಕೆ ಇಳಿಯುತ್ತದೆ. ಲೋಹದ ಮೇಲೆ ಇಳಿದರೆ ಅದು ಮದ್ದು, ಜೀವಕೋಶದಲ್ಲಿ ಇಳಿದರೆ ವಂಶತಂತುವಿಗೆ ಗಾಯ. ಇದನ್ನು ತಿಳಿದರೆ, ಬದಲಿ ವಸ್ತುವನ್ನು ಹುಡುಕುವುದು ಏಕೆ ಇಷ್ಟು ಕಷ್ಟವಾಯಿತೆಂಬುದು ತಾನಾಗಿಯೇ ತಿಳಿಯುತ್ತದೆ. ಚಾಕುವಿನ ಹರಿತವನ್ನು ಉಳಿಸಿಕೊಂಡು ಕೈ ಕೊಯ್ಯದಂತೆ ಮಾಡು ಎಂದಂತೆ.

ಹಾಗಾದರೆ ಕ್ರೋಮೇಟನ್ನು ನಾಳೆಯೇ ನಿಲ್ಲಿಸಿಬಿಡಬಾರದೆ ಎಂದರೆ, ತಕ್ಕಡಿಯ ಇನ್ನೊಂದು ತಟ್ಟೆಯನ್ನೂ ನೋಡಬೇಕು. ೧೯೮೮ರ ಏಪ್ರಿಲ್ ೨೮ರಂದು ಹವಾಯಿ ದ್ವೀಪಗಳ ನಡುವೆ ಹಾರುತ್ತಿದ್ದ ಅಲೋಹಾ ಏರ್‌ಲೈನ್ಸಿನ ಬೋಯಿಂಗ್ ವಿಮಾನದ ಮೇಲ್ಛಾವಣಿಯ ಒಂದು ದೊಡ್ಡ ಭಾಗ ೨೪,೦೦೦ ಅಡಿಯ ಎತ್ತರದಲ್ಲಿ ಕಿತ್ತುಹೋಯಿತು. ಒಳಗೆ ೯೫ ಜನರಿದ್ದರು. ಪರಿಚಾರಿಕೆಯೊಬ್ಬಳು ಗಾಳಿಯ ಪಾಲಾದಳು. ಚಾಲಕರು ಹರಿದ ವಿಮಾನವನ್ನು ಹೇಗೋ ನೆಲಕ್ಕಿಳಿಸಿದ್ದರಿಂದ ಉಳಿದವರು ಬದುಕಿಕೊಂಡರು. ತಗಡು ತಗಡು ಕೂಡುವ ಜಾಗದಲ್ಲಿ ಅಂಟು ಬಿಟ್ಟು, ಕಡಲಗಾಳಿಯ ತೇವ ಒಳಸೇರಿ, ತುಕ್ಕು ಹಿಡಿದು, ರಿವೆಟ್ಟುಗಳ ಸಾಲಿನುದ್ದಕ್ಕೂ ಲೋಹ ದಣಿದು ಬಿರುಕುಬಿಟ್ಟಿತ್ತು. ಹತ್ತೊಂಬತ್ತು ವರ್ಷಗಳಲ್ಲಿ ಆ ವಿಮಾನ ಸುಮಾರು ೯೦,೦೦೦ ಸಲ ಹಾರಿತ್ತು. ಹೀಗಿರಲು, ಕಾವಲನ್ನು ಬದಲಿಸುವವರು ಅವಸರಪಟ್ಟರೆ ಒಬ್ಬನ ಶ್ವಾಸಕೋಶವನ್ನು ಉಳಿಸಲು ಹೋಗಿ ನೂರು ಜನರ ಪ್ರಾಣವನ್ನು ಪಣಕ್ಕಿಟ್ಟಂತಾಗುತ್ತದೆ. ತಡಮಾಡಿದರೆ ಆ ನೂರು ಜನರ ಸುಖಕ್ಕಾಗಿ ಒಬ್ಬನನ್ನು ಮರೆತಂತಾಗುತ್ತದೆ. ಎರಡೂ ಸಲ್ಲದು.

ಕಾನೂನು ಬಿಗಿಯಾಗುತ್ತ ಬಂದಿದೆ. ಅಮೆರಿಕದಲ್ಲಿ ೨೦೦೬ರಲ್ಲಿ, ಕೆಲಸದ ಜಾಗದ ಗಾಳಿಯಲ್ಲಿ ಆರರ ಕ್ರೋಮಿಯಂ ಘನಮೀಟರಿಗೆ ೫೨ ಮೈಕ್ರೋಗ್ರಾಮ್ ಇರಬಹುದು ಎಂದಿದ್ದ ಮಿತಿಯನ್ನು ೫ಕ್ಕೆ ಇಳಿಸಿದರು. ಒಂದು ಮೈಕ್ರೋಗ್ರಾಮ್ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಯೂರೋಪಿನ ಒಕ್ಕೂಟದಲ್ಲಿ ೨೦೧೭ರ ಸೆಪ್ಟೆಂಬರಿನಿಂದ ಕ್ರೋಮಿಯಂ ಟ್ರೈಆಕ್ಸೈಡನ್ನೂ ೨೦೧೯ರ ಜನವರಿಯಿಂದ ಸ್ಟ್ರಾನ್ಷಿಯಂ ಕ್ರೋಮೇಟನ್ನೂ ವಿಶೇಷ ಅನುಮತಿಯಿಲ್ಲದೆ ಬಳಸುವಂತಿಲ್ಲ.

ಬದಲಿಯ ಹುಡುಕಾಟಕ್ಕೆ ಒಂದು ಮುಖ್ಯ ಹೆಜ್ಜೆ ೧೯೮೪ರಲ್ಲಿ ಆಸ್ಟ್ರೇಲಿಯದ ಮೆಲ್ಬೋರ್ನಿನಿಂದ ಬಂತು. ಅಲ್ಲಿನ ವಿಮಾನ ಸಂಶೋಧನಾಲಯದ ಹಿಂಟನ್ ಮತ್ತು ಸಂಗಡಿಗರು ಸೀರಿಯಂ ಎಂಬ ಧಾತುವಿನ ಲವಣ ಅಲ್ಯೂ‌ಮಿನಿಯಂನ ಸವೆತವನ್ನು ತಡೆಯುವುದನ್ನು ತೋರಿಸಿದರು. ಸೀರಿಯಂ ನಿಮಗೆ ಅಪರಿಚಿತವೇನಲ್ಲ. ಹಿಂದೆ ಮದುವೆಯ ಮೆರವಣಿಗೆಯಲ್ಲಿ ಹೊತ್ತು ನಡೆಯುತ್ತಿದ್ದ ಪೆಟ್ರೋಮ್ಯಾಕ್ಸ್ ದೀಪದ ಜಾಳಿಗೆಯಲ್ಲಿ ನೂರಕ್ಕೆ ಒಂದು ಪಾಲಿನಷ್ಟು ಸೀರಿಯಂ ಆಕ್ಸೈಡಿರುತ್ತಿತ್ತು. ಕೇರಳದ ಕರಾವಳಿಯ ಕಪ್ಪು ಮರಳಿನಲ್ಲಿ ಅದು ಸಿಗುತ್ತದೆ. ತಾಮ್ರದ ಹರಳಿನ ಸುತ್ತ ನೀರು ಕ್ಷಾರವಾಗುತ್ತದಷ್ಟೆ. ಆ ಕ್ಷಾರದಲ್ಲಿ ಸೀರಿಯಂ ಗಟ್ಟಿಯಾಗಿ ಕೂತು ಹರಳನ್ನು ಮುಚ್ಚುತ್ತದೆ. ಕಾವಲು ಉಂಟು, ಕ್ಯಾನ್ಸರ್ ತರುವ ದೋಷವಿಲ್ಲ. ಆದರೆ ಒಂಟಿಯಾಗಿ ಕ್ರೋಮೇಟಿನಷ್ಟು ಗಟ್ಟಿಗನಲ್ಲ.

ಅಮೆರಿಕದ ನೌಕಾಪಡೆಯವರು ಇನ್ನೊಂದು ದಾರಿ ಹಿಡಿದರು. ಕ್ರೋಮಿಯಂ ಅನ್ನೇ ಇಟ್ಟುಕೊಂಡು, ವಿಷದ ಆರನ್ನು ಬಿಟ್ಟು ಮೂರನ್ನು ಜಿರ್ಕೋನಿಯಂ ಜೊತೆಗೆ ಬಳಸುವ ಅದ್ದುವಿಕೆಯನ್ನು ರೂಪಿಸಿದರು. ಅಮೆರಿಕದ ಉತ್ತರ ಡಕೋಟದ ವಿಶ್ವವಿದ್ಯಾನಿಲಯದವರು ಬಣ್ಣದಲ್ಲಿ ಮೆಗ್ನೀಸಿಯಂನ ಪುಡಿಯನ್ನು ತುಂಬಿದರು. ಮೆಗ್ನೀಸಿಯಂ ತಾನು ಮೊದಲು ಸವೆದು ಅಲ್ಯೂಮಿನಿಯಂ ಅನ್ನು ಉಳಿಸುತ್ತದೆ. ಮನೆಯ ಹಿರಿಯರು ತಾವು ಅರೆಹೊಟ್ಟೆ ಉಂಡು ಮಕ್ಕಳಿಗೆ ಬಡಿಸುವ ಹಾಗೆ. ೨೦೧೦ರ ದಶಕದಲ್ಲಿ ಹಾಲೆಂಡಿನ ಡೆಲ್ಫ್ಟಿನ ಸಂಶೋಧಕರು ಲಿಥಿಯಂ ಲವಣವನ್ನು ಬಣ್ಣಕ್ಕೆ ಬೆರೆಸಿದರು. ಅದು ಗೀರಿನಲ್ಲಿ ಕರಗಿ ಅಲ್ಯೂಮಿನಿಯಂನಿಂದಲೇ ಒಂದು ಗಟ್ಟಿ ಪೊರೆಯನ್ನು ಹೆಣೆಸುತ್ತದೆ. ಹೊರಗಿನಿಂದ ಅಂಗಿ ತರದೆ, ಲೋಹದ ಮೈಯಿಂದಲೇ ಅಂಗಿ ನೇಯುವ ಈ ಉಪಾಯ ಬಿದರಿಯ ಯುಕ್ತಿಗೆ ಹತ್ತಿರವಾದದ್ದಲ್ಲವೆ? ತೊಟ್ಟಿಯ ಕೆಲಸದಲ್ಲಿಯೂ ಕ್ರೋಮಿಕ್ ಆಮ್ಲದ ಬದಲಿಗೆ, ಹುಣಸೆಹಣ್ಣಿನ ಹುಳಿಯಲ್ಲಿರುವ ಟಾರ್ಟಾರಿಕ್ ಆಮ್ಲವನ್ನು ಗಂಧಕಾಮ್ಲದೊಡನೆ ಬೆರೆಸಿ ಬಳಸುವ ರೂಢಿ ಯೂರೋಪಿನಲ್ಲಿ ಬಂದಿದೆ.

ನಮ್ಮಲ್ಲಿಯೂ ಕೆಲಸ ನಡೆದಿದೆ. ೧೯೫೯ರಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ರಾಷ್ಟ್ರೀಯ ವಿಮಾನ ಸಂಶೋಧನಾಲಯ, ಅಂದರೆ ಈಗಿನ ಎನ್.ಎ.ಎಲ್., ೨೦೨೪ರ ಜಾತಿಯ ಮಿಶ್ರಲೋಹದ ಮೇಲೆ ಗಾಜಿನಂಥ ತೆಳು ಲೇಪ ಹಚ್ಚಿ, ಅದರೊಳಗೆ ಸೀರಿಯಂ ಅನ್ನು ಹುದುಗಿಸಿಡುವ ಪ್ರಯೋಗಗಳನ್ನು ಮಾಡಿದೆ. ಮದರಂಗಿಯ ಸೊಪ್ಪಿನ ರಸವೂ ಅಲ್ಯೂಮಿನಿಯಂನ ಸವೆತವನ್ನು ತಡೆಯುವುದೆಂದು ಹಲವು ದೇಶಗಳ ಪ್ರಯೋಗಶಾಲೆಗಳು ತೋರಿಸಿವೆ. ಆದರೆ ಬೀಕರಿನ ನೀರಿನಲ್ಲಿ ಕೆಲಸ ಮಾಡಿದ್ದು ಬಣ್ಣದಲ್ಲಿ ಬೆರೆತು ಬಿಸಿಲು, ಹಿಮ, ಎಂಜಿನ್ ಎಣ್ಣೆಗಳ ನಡುವೆ ವರ್ಷಗಟ್ಟಲೆ ನಿಲ್ಲುವುದೆಂಬ ಭರವಸೆಯಿಲ್ಲ. ಇದನ್ನು ಒಪ್ಪಿಕೊಳ್ಳುವುದೇ ಪ್ರಾಮಾಣಿಕತನ.

ಪರೀಕ್ಷೆಯ ಕಷ್ಟ ಇಲ್ಲಿದೆ. ಹೊಸ ಪ್ರೈಮರನ್ನು ಹಚ್ಚಿದ ತಗಡಿಗೆ ಬೇಕೆಂದೇ ಅಡ್ಡಗೀರು ಎಳೆದು, ೩೫ ಡಿಗ್ರಿ ಸೆಂಟಿಗ್ರೇಡಿನಲ್ಲಿ, ನೂರಕ್ಕೆ ಐದು ಪಾಲು ಉಪ್ಪಿರುವ ನೀರಿನ ಮಂಜಿನಲ್ಲಿ ೨,೦೦೦ ಗಂಟೆ ಇಡುತ್ತಾರೆ. ಅಂದರೆ ಎಂಬತ್ತಮೂರು ದಿನ. ಆದರೆ ವಿಮಾನದ ಆಯುಷ್ಯ ಮೂವತ್ತು ವರ್ಷ! ಉಪ್ಪಿನ ಮಂಜಿನಲ್ಲಿ ಗೆದ್ದ ಬಣ್ಣ ಕಡಲ ದಂಡೆಯಲ್ಲಿ ಸೋತದ್ದುಂಟು. ಅಲ್ಲಿ ಸೋತದ್ದು ಇಲ್ಲಿ ಗೆದ್ದದ್ದೂ ಉಂಟು. ಕ್ರೋಮೇಟಿನ ಬೆನ್ನ ಹಿಂದೆ ಎಂಟು ದಶಕಗಳ ಅನುಭವವಿದೆ. ಹೊಸಬರು ಆ ಅನುಭವವನ್ನು ಒಂದೊಂದೇ ವರ್ಷವಾಗಿ ಗಳಿಸಬೇಕು. ಆದುದರಿಂದಲೇ ಬದಲಾವಣೆ ಮೊದಲು ಹೊರಮೈಗೆ ಬಂದು, ಕಣ್ಣಿಗೆ ಬೀಳದ, ಕೈ ನಿಲುಕದ ಒಳಸಂದುಗಳಿಗೆ ಕೊನೆಗೆ ಬರುತ್ತದೆ.

ಅಲ್ಲಿಯವರೆಗೆ? ಇಂದು ಹಾರುತ್ತಿರುವ ಎಷ್ಟೋ ವಿಮಾನಗಳ ಒಳಗೆ ಆ ಹಳದಿ ಇದ್ದೇ ಇದೆ. ಇನ್ನೂ ಬಹುಕಾಲ ಅದನ್ನು ಕೆರೆಯುವ, ತಿದ್ದುವ ಕೆಲಸ ಇರುತ್ತದೆ. ಆ ಕೆಲಸ ಮಾಡುವವರು ನಮ್ಮ ಊರುಗಳ ಹುಡುಗರೇ. ಬೀದರ, ಭಾಲ್ಕಿ, ಔರಾದಗಳಿಂದ ಐ.ಟಿ.ಐ. ಮುಗಿಸಿ ಬೆಂಗಳೂರಿಗೋ ಹೈದರಾಬಾದಿಗೋ ಹೋಗಿ ಹ್ಯಾಂಗರಿನಲ್ಲಿ ಕೆಲಸ ಹಿಡಿದ ತರುಣ ನಿಮ್ಮ ಬಂಧುಬಳಗದಲ್ಲಿಯೇ ಇರಬಹುದು. ಹಬ್ಬಕ್ಕೆ ಮನೆಗೆ ಬಂದಾಗ ಸಂಬಳ ಎಷ್ಟೆಂದು ಕೇಳುವ ಜೊತೆಗೆ ಇನ್ನೂ ಕೆಲವು ಮಾತು ಕೇಳಿರಿ. ಬಣ್ಣ ಉಜ್ಜುವಾಗ ನೀರು ಹಾಕಿ ಉಜ್ಜುತ್ತೀಯೋ, ಒಣದಾಗಿಯೋ? ಧೂಳು ಹೀರುವ ಯಂತ್ರ ಉಂಟೋ? ಮುಖಕ್ಕೆ ಕಟ್ಟುವುದು ಬರಿಯ ಬಟ್ಟೆಯೋ, ತಕ್ಕ ಸೋಸುಕವಿರುವ ಮುಖವಾಡವೋ? ಊಟಕ್ಕೆ ಮೊದಲು ಕೈ ತೊಳೆದು ಅಂಗಿ ಬದಲಿಸುತ್ತೀಯೋ? ಈ ಪ್ರಶ್ನೆಗಳಿಗೆ ಹಣ ಬೇಕಿಲ್ಲ. ಉತ್ತರಗಳು ಮಾತ್ರ ಬಹು ಬೆಲೆಯುಳ್ಳವು.

ಬಿದರಿಯ ಕಸಬಿನಲ್ಲಿ ಅಪಾಯವೇ ಇಲ್ಲವೆಂದಲ್ಲ. ಕರಗಿದ ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತದೆ. ಸಣ್ಣ ಗೆರೆಗಳನ್ನು ನೋಡಿನೋಡಿ ಕಣ್ಣು ಸೋಲುತ್ತದೆ. ಆದರೂ ಅದರ ಕಪ್ಪನ್ನು ತರುವ ಮಣ್ಣನ್ನು ಕುಶಲಿಯು ನಾಲಗೆಗೆ ಹಚ್ಚಿ ನೋಡಬಲ್ಲ. ಲೋಹವನ್ನು ಕಾಯುವ ವಸ್ತು ಅದನ್ನು ಹಚ್ಚುವ ಕೈಯನ್ನೂ ಕಾಯಬೇಕೆಂಬುದು ಅತಿಯಾಸೆಯಲ್ಲ. ಮುಂದಿನ ಸಲ ಬಿದರಿಯ ಡಬ್ಬಿಗೆ ಎರಡು ಹನಿ ಕೊಬ್ಬರಿ ಎಣ್ಣೆ ಹಾಕಿ ಮೆತ್ತನೆಯ ಬಟ್ಟೆಯಿಂದ ಒರೆಸುವಾಗ, ಮೇಲೆ ವಿಮಾನದ ಸದ್ದು ಕೇಳಿಸಿದರೆ, ಅದರ ಹೊಟ್ಟೆಯೊಳಗೆ ಬೆನ್ನು ಬಗ್ಗಿಸಿ ಬಣ್ಣ ಕೆರೆದವನನ್ನು ಒಮ್ಮೆ ನೆನೆಯಿರಿ.